ಪಂದ್ಯದಿಂದ ನಿವೃತ್ತವಾದ ಕುದುರೆಗಳ ಪಾಲನೆ

(ಗ್ರಾಮಗಳ ಹಿಡುವಳಿದಾರರಿಗೂ ಮುಖಂಡರಿಗೂ ಉದ್ದೇಶಿಸಿದ ಉಪನ್ಯಾಸ)



ದುಡಿದು ಮುದಿಯಾದ ಎತ್ತನ್ನು ಕೊಟ್ಟಿಗೆಯಲ್ಲಿಯೇ ಇಟ್ಟುಕೊಂಡು ಕೊನೆಯವರೆಗೂ ಮೇವು ಹಾಕುವುದು ಒಳ್ಳೆಯ ಒಕ್ಕಲುತನದ ಲಕ್ಷಣವೆಂಬ ಭಾವನೆ ರೈತರಲ್ಲಿ ಹಿಂದಿನಿಂದಲೂ ಉಂಟು. ಎತ್ತು ತನ್ನ ಬಾಳಿನ ಬಹುಭಾಗವನ್ನು ನೊಗದ ಕೆಳಗೆ ಕಳೆದು, ಮುಪ್ಪಿನಲ್ಲಿ ಕೆಲವೇ ವರ್ಷ ವಿಶ್ರಾಂತಿ ಪಡೆಯುತ್ತದೆ. ಪಂದ್ಯದ ಕುದುರೆಯ ಲೆಕ್ಕವು ಇದಕ್ಕೆ ತೀರ ವಿರುದ್ಧವಾದುದು. ಅದು ಎರಡು ಅಥವಾ ಮೂರನೆಯ ವಯಸ್ಸಿನಲ್ಲಿ ಓಟಕ್ಕೆ ನಿಲ್ಲುತ್ತದೆ. ಐದರಿಂದ ಎಂಟು ವರ್ಷ ತುಂಬುವುದರೊಳಗಾಗಿ ಬಹುಮಟ್ಟಿಗೆ ಅದರ ಓಟ ಮುಗಿದಿರುತ್ತದೆ. ಆದರೆ ಸರಿಯಾದ ಪಾಲನೆ ದೊರೆತ ಕುದುರೆಯು 25 ವರ್ಷ, ಕೆಲವು ವೇಳೆ 30 ವರ್ಷ ಬದುಕಬಲ್ಲದು. ಅಂದರೆ ದುಡಿಮೆಯ ಕಾಲ ಮೂರು ನಾಲ್ಕು ವರ್ಷ, ಉಳಿದ ಆಯುಷ್ಯ ಹದಿನೆಂಟು ಇಪ್ಪತ್ತು ವರ್ಷ. ಈ ಉಳಿದ ಆಯುಷ್ಯವನ್ನು ಅದು ಯಾರ ಮನೆಯಲ್ಲಿ, ಯಾರ ಖರ್ಚಿನಲ್ಲಿ ಕಳೆಯಬೇಕೆಂಬುದೇ ಈ ಉಪನ್ಯಾಸದ ವಿಷಯ.

ಇದು ಪಟ್ಟಣದ ಶ್ರೀಮಂತರಿಗೆ ಮಾತ್ರ ಸಂಬಂಧಪಟ್ಟ ವಿಷಯವೆಂದು ಗ್ರಾಮಸ್ಥರು ತಿಳಿಯಬಾರದು. ಹೈದರಾಲಿ ಟಿಪ್ಪು ಸುಲ್ತಾನರ ಕಾಲದಿಂದಲೂ ಕುಣಿಗಲು ಪ್ರಾಂತವು ಕುದುರೆ ಸಾಕಣೆಗೆ ಹೆಸರಾದುದು. ಮೈಸೂರಿನ ಪಂದ್ಯದ ಸಂಸ್ಥೆಯು 1891ರಲ್ಲಿಯೇ ಆರಂಭವಾಯಿತು. ಬೆಂಗಳೂರಿನ ಪಂದ್ಯಗಳನ್ನು ಅರಿಯದವರಿಲ್ಲ. ಹೀಗಿರುವುದರಿಂದ, ಈ ಊರುಗಳ ಆಸುಪಾಸಿನಲ್ಲಿ ಜಮೀನು ತೋಟಗಳುಳ್ಳವರಿಗೆ ಓಟ ಬಿಟ್ಟ ಕುದುರೆಯೊಂದು ಅಲ್ಪ ಬೆಲೆಗೆ, ಇಲ್ಲವೆ ಬೆಲೆಯೇ ಇಲ್ಲದೆ, ದೊರೆಯುವ ಸಂದರ್ಭವು ಬರಬಹುದು. ಆಗ ಹಿಗ್ಗಿ ಒಪ್ಪಿಕೊಳ್ಳುವುದಕ್ಕೆ ಮುಂಚೆ ತಿಳಿದಿರಬೇಕಾದ ಸಂಗತಿಗಳು ಹಲವಿವೆ. ಬೆಲೆಯಿಲ್ಲದೆ ಬಂದ ಕುದುರೆಯೇ ಎಲ್ಲಕ್ಕಿಂತ ದುಬಾರಿಯಾದ ಕುದುರೆಯಾಗಬಹುದು.

ಕುದುರೆಯ ಜಾತಿ ಮತ್ತು ಅದರ ಪೂರ್ವಜೀವನ

ಪಂದ್ಯಗಳಲ್ಲಿ ಓಡುವ ಕುದುರೆಯು ಥರೋಬ್ರೆಡ್ ಎಂಬ ಜಾತಿಯದು. ಹದಿನೇಳನೆಯ ಶತಮಾನದ ಕೊನೆಯಲ್ಲಿಯೂ ಹದಿನೆಂಟನೆಯ ಶತಮಾನದ ಆದಿಯಲ್ಲಿಯೂ ಪೂರ್ವದೇಶಗಳಿಂದ ಇಂಗ್ಲೆಂಡಿಗೆ ಹೋದ ಮೂರು ಗಂಡು ಕುದುರೆಗಳಿಗೆ ಈ ಜಾತಿಯ ಗಂಡುಸಂತತಿಯೆಲ್ಲ ಸೇರುತ್ತದೆ. ಅಂದಿನಿಂದ ಇಂದಿನವರೆಗೆ ವೇಗವೊಂದನ್ನೇ ನೋಡಿ ಆರಿಸಿ ಬೆಳೆಸಿದುದರಿಂದ ಇದರ ಕಾಲು ಉದ್ದ, ಎಲುಬು ಹಗುರ, ಚರ್ಮ ತೆಳು, ಸ್ವಭಾವ ಚುರುಕು. ತೂಕ ಸುಮಾರು 450ರಿಂದ 550 ಕಿಲೋ. ಊರಿನ ತಟ್ಟುವಿಗೂ ಇದಕ್ಕೂ ಹೆಸರು ಒಂದೇ ಆದರೂ ಪಾಲನೆಯ ರೀತಿ ಬೇರೆ.

ಓಟದ ದಿನಗಳಲ್ಲಿ ಈ ಕುದುರೆಯ ಬಾಳು ಹೇಗಿರುತ್ತದೆಂಬುದನ್ನು ತಿಳಿಯದೆ ಅದನ್ನು ಸಾಕಲಾಗದು. ಬೆಳಗಿನ ಜಾವ ಒಂದೆರಡು ಗಂಟೆ ವ್ಯಾಯಾಮ. ಉಳಿದ ಹೊತ್ತೆಲ್ಲ ಲಾಯದ ನಾಲ್ಕು ಗೋಡೆಗಳ ನಡುವೆ. ಧಾನ್ಯ ಹೆಚ್ಚು, ಹುಲ್ಲು ಕಡಿಮೆ. ಇತರ ಕುದುರೆಗಳೊಡನೆ ಬಯಲಿನಲ್ಲಿ ಮೇಯುವ ಅವಕಾಶವೂ ವಿರಳ. ಕುದುರೆಯ ಹೊಟ್ಟೆಯಲ್ಲಿ ಆಮ್ಲವು ಹಗಲಿರುಳೂ ಸ್ರವಿಸುತ್ತಿರುತ್ತದೆ; ಅದನ್ನು ತಣಿಸುವುದು ನಿರಂತರವಾಗಿ ಅಗಿಯುವ ಹುಲ್ಲು ಮತ್ತು ಅದರೊಡನೆ ಇಳಿಯುವ ಜೊಲ್ಲು. ಹುಲ್ಲು ಕಡಿಮೆಯಾದಲ್ಲಿ ಜಠರದಲ್ಲಿ ಹುಣ್ಣಾಗುತ್ತದೆ. ಓಟದ ತರಬೇತಿಯಲ್ಲಿರುವ ಕುದುರೆಗಳಲ್ಲಿ ಬಹುಪಾಲಿಗೆ ಈ ಹುಣ್ಣು ಇರುವುದನ್ನು ಪಶುವೈದ್ಯರು ಕಂಡಿದ್ದಾರೆ. ಗೊಂತನ್ನು ಕಚ್ಚಿ ಗಾಳಿ ನುಂಗುವುದು, ಬಾಗಿಲಲ್ಲಿ ನಿಂತು ಎಡಕ್ಕೂ ಬಲಕ್ಕೂ ತಲೆ ತೂಗುವುದು ಮೊದಲಾದ ಚಾಳಿಗಳು ಇಂಥ ಸೆರೆಯ ಬಾಳಿನಿಂದ ಬರುತ್ತವೆಯೇ ಹೊರತು ಕುದುರೆಯ ಕೆಟ್ಟ ಗುಣದಿಂದಲ್ಲ. ಇವುಗಳಿಗಾಗಿ ಅದನ್ನು ಹೊಡೆಯುವುದು ನಿಷ್ಪ್ರಯೋಜಕವೂ ನಿರ್ದಯವೂ ಆದುದು.

ಓಟ ಬಿಟ್ಟ ಕುದುರೆಗಳ ಗತಿ

ಎಲ್ಲೆಡೆಯಲ್ಲಿಯೂ ಈ ಕುದುರೆಗಳ ಗತಿಯು ಯಜಮಾನನ ಮನಸ್ಸನ್ನೂ ಕೊಂಡವನ ಮನೆತನವನ್ನೂ ಅನುಸರಿಸಿದೆ. ಹೆಸರುವಾಸಿಯಾದ ಎರಡು ಕುದುರೆಗಳ ಚರಿತ್ರೆಯಿಂದ ಇದು ಸ್ಪಷ್ಟಪಡುತ್ತದೆ.

ಇಂಗ್ಲೆಂಡಿನ ಗ್ರ್ಯಾಂಡ್ ನ್ಯಾಷನಲ್ ಎಂಬ ಕಠಿಣವಾದ ಪಂದ್ಯವನ್ನು 1973, 1974 ಮತ್ತು 1977ರಲ್ಲಿ ಮೂರು ಬಾರಿ ಗೆದ್ದ ರೆಡ್ ರಮ್ ಎಂಬ ಕುದುರೆಯು ನಿವೃತ್ತಿಯ ನಂತರವೂ ಜನರ ಆದರದಲ್ಲಿ ಬಾಳಿ, 1995ರಲ್ಲಿ ತನ್ನ 30ನೆಯ ವಯಸ್ಸಿನಲ್ಲಿ ಮೃತಪಟ್ಟಿತು. ಅದನ್ನು ಆ ಪಂದ್ಯದ ಮೈದಾನದಲ್ಲಿಯೇ, ಗೆಲುವಿನ ಗುರುತುಕಂಬದ ಬಳಿ ಹೂಳಲಾಯಿತು. ಅಮೆರಿಕದ ಫರ್ಡಿನಾಂಡ್ ಎಂಬ ಕುದುರೆಯು 1986ರಲ್ಲಿ ಕೆಂಟಕಿ ಡರ್ಬಿಯನ್ನು ಗೆದ್ದಿತು. 1987ರಲ್ಲಿ ಆ ದೇಶದ ವರ್ಷದ ಕುದುರೆಯೆಂಬ ಗೌರವವನ್ನೂ ಪಡೆಯಿತು. ಯಜಮಾನರಿಗೆ ಅದು ಗಳಿಸಿಕೊಟ್ಟ ಹಣ 37 ಲಕ್ಷ ಡಾಲರಿಗೂ ಮೇಲ್ಪಟ್ಟುದು. ಬೀಜದ ಕುದುರೆಯಾಗಿ ಅದು 1994ರಲ್ಲಿ ಜಪಾನಿಗೆ ಮಾರಾಟವಾಯಿತು. ಅಲ್ಲಿ ಬೇಡಿಕೆ ತಗ್ಗಿದ ಮೇಲೆ ಕೈಯಿಂದ ಕೈಗೆ ದಾಟಿ, 2002ರಲ್ಲಿ ಕಸಾಯಿಖಾನೆಯಲ್ಲಿ ಅದರ ಅಂತ್ಯವಾಯಿತು. ಈ ಸುದ್ದಿಯು ಮರುವರ್ಷ ಹೊರಬಿದ್ದಾಗ ಅಮೆರಿಕದ ಜನರು ತಲ್ಲಣಿಸಿದರು. ಅಷ್ಟು ಕೀರ್ತಿ ಪಡೆದ ಕುದುರೆಗೇ ಈ ಗತಿಯಾದರೆ, ಒಂದು ಪಂದ್ಯವನ್ನೂ ಗೆಲ್ಲದೆ ಹೊರಬಿದ್ದ ಸಾವಿರಾರು ಕುದುರೆಗಳ ಪಾಡೇನೆಂಬ ಪ್ರಶ್ನೆಯು ಆಗ ಎದ್ದಿತು.

ಪಂದ್ಯದಿಂದ ಲಾಭ ಪಡೆಯುವವರೇ ಈ ಹೊಣೆಯನ್ನು ಹೊರಬೇಕೆಂಬ ನ್ಯಾಯವನ್ನು ಕೆಲವು ದೇಶಗಳು ಒಪ್ಪಿಕೊಂಡಿವೆ. ಬ್ರಿಟನ್ನಿನಲ್ಲಿ ಪಂದ್ಯದ ಉದ್ಯಮದವರೇ ಸೇರಿ 2000ದಲ್ಲಿ ಧರ್ಮಸಂಸ್ಥೆಯೊಂದನ್ನು ಸ್ಥಾಪಿಸಿ, ಓಟ ಬಿಟ್ಟ ಕುದುರೆಗಳಿಗೆ ಬೇರೆ ಕೆಲಸಗಳನ್ನು ಕಲಿಸಿ ಮನೆ ಹುಡುಕುವ ಏರ್ಪಾಡು ಮಾಡಿದರು. ಅಮೆರಿಕದಲ್ಲಿ ಇಂಥ ಆಶ್ರಯಗಳನ್ನು ಪರೀಕ್ಷಿಸಿ ಧನಸಹಾಯ ಕೊಡುವ ಒಕ್ಕೂಟವು 2012ರಲ್ಲಿ ಆರಂಭವಾಯಿತು. ಭಾರತದಲ್ಲಿ ಸವಾರಿ ಕಲಿಸುವ ಶಾಲೆಗಳು, ಪೊಲೀಸ್ ಅಶ್ವದಳಗಳು, ಕೆಲವು ದಯಾಳುಗಳ ತೋಟಗಳು ಈ ಕುದುರೆಗಳಿಗೆ ಆಸರೆಯಾಗಿವೆ. ಆದರೆ ಜಟಕಾ ಎಳೆಯುವುದು, ಮದುವೆಯ ಮೆರವಣಿಗೆಗೆ ಬಾಡಿಗೆಗೆ ಹೋಗುವುದು, ಕೊನೆಗೆ ಬೀದಿಯ ಕಸದಲ್ಲಿ ಮೇಯುವುದು, ಹೀಗೆ ಮೆಟ್ಟಿಲಿಳಿಯುವ ಕುದುರೆಗಳೂ ಉಂಟು.

ಒಪ್ಪಿಕೊಳ್ಳುವುದಕ್ಕೆ ಮುಂಚೆ

ಆರನೆಯ ವಯಸ್ಸಿನಲ್ಲಿ ಮನೆಗೆ ಬಂದ ಕುದುರೆ 25ರವರೆಗೆ ಬದುಕಿದಲ್ಲಿ ಅದು ಆ ಮನೆಯಲ್ಲಿ 19 ವರ್ಷ ಇರುತ್ತದೆ. ಅದು ಬಂದ ವರ್ಷ ಹುಟ್ಟಿದ ಮಗು ಅಷ್ಟರಲ್ಲಿ ಪ್ರಾಯಕ್ಕೆ ಬಂದಿರುತ್ತದೆ. ದಿನಕ್ಕೆ 8 ಕಿಲೋ ಒಣಹುಲ್ಲೆಂದು ಹಿಡಿದರೂ ವರ್ಷಕ್ಕೆ 2,920 ಕಿಲೋ, 19 ವರ್ಷಕ್ಕೆ 55 ಟನ್ನಿಗೂ ಹೆಚ್ಚು ಬೇಕು. ಆರು ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು. ಅಂದರೆ ವರ್ಷಕ್ಕೆ ಎಂಟು ಒಂಬತ್ತು ಸಲ. ಮಳೆ ಹೋದ ವರ್ಷದಲ್ಲಿ ದನಗಳಿಗೇ ಮೇವು ಸಾಲದ ಮನೆಯವರು ಈ ಲೆಕ್ಕವನ್ನು ಎರಡು ಸಲ ಹಾಕಿ ನೋಡತಕ್ಕದ್ದು.

ಇದಕ್ಕೆ ಬದಲಾಗಿ ಕುದುರೆಯಿಂದ ವರಮಾನವೇನು? ಇಲ್ಲವೆಂದೇ ಹೇಳಬೇಕು. ನೇಗಿಲಿಗೂ ಹೇರಿನ ಗಾಡಿಗೂ ಈ ಜಾತಿಯು ಸಲ್ಲದು. ಹಗುರವಾದ ಎಲುಬು, ಹಿಂದೆ ಪೆಟ್ಟು ತಿಂದ ಕಾಲು, ಬೆದರುವ ಸ್ವಭಾವ ಇವು ಮೂರೂ ಅದಕ್ಕೆ ಅಡ್ಡಿ. ಮದುವೆ ಜಾತ್ರೆಗಳಲ್ಲಿ ವಾದ್ಯ ಮತ್ತು ಪಟಾಕಿಗಳ ನಡುವೆ ನಿಲ್ಲಿಸಿದರೆ ಕುದುರೆಗೂ ಸವಾರನಿಗೂ ಸೇರಿದ ಜನರಿಗೂ ಅಪಾಯ. ಊರ ಹೆಣ್ಣು ಕುದುರೆಗಳಿಗೆ ಇದನ್ನು ಬಿಟ್ಟು ಮರಿ ಪಡೆಯುವ ಯೋಚನೆಯೂ ಒಳ್ಳೆಯದಲ್ಲ. ಈಗಿರುವ ಕುದುರೆಗಳಿಗೇ ಮನೆ ಸಾಲದಿರುವಾಗ ಹೊಸ ಮರಿಗಳನ್ನು ಯಾರೂ ಕೊಳ್ಳರು. ಶಾಂತ ಸ್ವಭಾವದ, ಕಾಲು ಗಟ್ಟಿಯಾಗಿರುವ ಕುದುರೆಯು ಮರುತರಬೇತಿಯ ನಂತರ ಸವಾರಿಗೆ ಒದಗಬಹುದು. ಅದಲ್ಲದೆ ನಿಶ್ಚಯವಾಗಿ ದೊರೆಯುವುದು ಗೊಬ್ಬರವೊಂದೇ: ದಿನಕ್ಕೆ ಲದ್ದಿ ಮೂತ್ರಗಳು ಸೇರಿ ಸುಮಾರು 20 ಕಿಲೋಗೂ ಹೆಚ್ಚು. ಇದು ಬಿಸಿಯಾದ ಗೊಬ್ಬರವಾದುದರಿಂದ ಗುಂಡಿಯಲ್ಲಿ ಕೊಳೆಸಿಯೇ ಹೊಲಕ್ಕೆ ಹಾಕಬೇಕು.

“ಮನೆಯ ಮಕ್ಕಳಿಗೇ ಹಾಲಿಲ್ಲದಿರುವಾಗ ಸಾಹುಕಾರರ ಕುದುರೆಗೆ ರೈತನೇಕೆ ಹುಲ್ಲು ಹಾಕಬೇಕು?” ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯು ನ್ಯಾಯವಾದುದೇ. ಗೆದ್ದ ಹಣವನ್ನು ಉಂಡವನಿಗೇ ಮೊದಲನೆಯ ಹೊಣೆ. ಆದುದರಿಂದ ಅನುಕೂಲವಿಲ್ಲದವರು ದಾಕ್ಷಿಣ್ಯಕ್ಕೆ ಸಿಕ್ಕಿ ಒಪ್ಪಿಕೊಳ್ಳಲಾಗದು. ಅನುಕೂಲವುಳ್ಳವರೂ ಮೇವಿನ ಮತ್ತು ವೈದ್ಯದ ಖರ್ಚಿನಲ್ಲಿ ಒಂದು ಪಾಲನ್ನು ಹಿಂದಿನ ಯಜಮಾನನು ಕೊಡುವಂತೆಯೂ, ಮುಂದೆ ಸಾಕಲಾಗದ ಸ್ಥಿತಿ ಬಂದಲ್ಲಿ ಕುದುರೆಯನ್ನು ಅವನೇ ಹಿಂದಕ್ಕೆ ಪಡೆಯುವಂತೆಯೂ ಕಾಗದದಲ್ಲಿ ಬರೆಸಿಕೊಳ್ಳುವುದು ಮರ್ಯಾದೆಗೆ ಕುಂದಲ್ಲ. ಕೊಡುವವನಿಗೆ ಕುದುರೆಯ ಮೇಲೆ ನಿಜವಾದ ಮಮತೆಯಿದ್ದರೆ ಈ ಕರಾರಿಗೆ ಅವನು ಹಿಂಜರಿಯನು.

ಕುದುರೆಯನ್ನು ತರುವ ಮುಂಚೆ ಪಶುವೈದ್ಯರಿಂದ ಪರೀಕ್ಷೆ ಮಾಡಿಸತಕ್ಕದ್ದು. ಮುಂಗಾಲಿನ ಮಂಡಿಯ ಕೆಳಗೆ ಹಿಂಬದಿಯಲ್ಲಿರುವ ಸ್ನಾಯುರಜ್ಜುವನ್ನು ಬೆರಳಿನಿಂದ ಮೇಲಿನಿಂದ ಕೆಳಕ್ಕೆ ಸವರಿ ನೋಡಬೇಕು. ಅದು ಬಿಲ್ಲಿನಂತೆ ಉಬ್ಬಿದ್ದರೆ, ಮುಟ್ಟಿದಾಗ ಬಿಸಿಯಾಗಿದ್ದರೆ, ಅಲ್ಲಿ ಪೆಟ್ಟಾಗಿದೆಯೆಂದು ತಿಳಿಯಬೇಕು. ಈ ಪೆಟ್ಟು ವಾಸಿಯಾಗಲು ಒಂಬತ್ತು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ವಾಸಿಯಾದರೂ ಮರುಕಳಿಸುವ ಸಂಭವವುಂಟು. ಇಂಥ ಕುದುರೆಯು ಮೇಯ್ದುಕೊಂಡಿರಲು ಅಡ್ಡಿಯಿಲ್ಲ, ಸವಾರಿಗೆ ಮಾತ್ರ ನಂಬಲಾಗದು. ಶೀಲ ಒಡೆಯದ ಗಂಡು ಕುದುರೆಯನ್ನು ಆಳಲು ಪಳಗಿದ ಕೈ ಬೇಕು. ಹೊಸಬರಿಗೆ ಶೀಲ ಒಡೆದ ಗಂಡೇ ಮೇಲು. ಕುದುರೆಯ ಗುರುತಿನ ಪುಸ್ತಕ, ರೋಗಪರೀಕ್ಷೆಯ ಪತ್ರ, ಹಾಕಿಸಿದ ಲಸಿಕೆಗಳ ವಿವರ ಇವೆಲ್ಲ ಕುದುರೆಯೊಡನೆಯೇ ಬರಬೇಕು.

ಮೊದಲ ಆರು ತಿಂಗಳು

ಲಾಯದಿಂದ ಬಂದ ಕುದುರೆಯನ್ನು ಅಂದೇ ಹತ್ತು ಎಕರೆ ಬಯಲಿಗೆ ಬಿಡುವುದು ದೊಡ್ಡ ತಪ್ಪು. ಓಡುವುದನ್ನಲ್ಲದೆ ಬೇರೇನನ್ನೂ ಕಲಿಯದ ಪ್ರಾಣಿ ಅದು. ಬಯಲು ಕಂಡೊಡನೆ ಓಡುತ್ತದೆ, ಮುಳ್ಳುತಂತಿಯ ಬೇಲಿಯನ್ನು ಕಾಣದೆ ನುಗ್ಗಿ ಕಾಲು ಎದೆಗಳನ್ನು ಸೀಳಿಕೊಳ್ಳುತ್ತದೆ. ಮೊದಲ ಕೆಲವು ದಿನ ಕೈಯಲ್ಲಿ ಹಿಡಿದು ಬೇಲಿಯ ಸುತ್ತಲೂ ನಡೆಸಬೇಕು. ಆಮೇಲೆ ಚಿಕ್ಕ ಆವರಣದಲ್ಲಿ ಒಂದೆರಡು ಗಂಟೆ ಬಿಟ್ಟು, ವಾರ ವಾರಕ್ಕೂ ಹೊತ್ತನ್ನೂ ಸ್ಥಳವನ್ನೂ ಹೆಚ್ಚಿಸುತ್ತ ಹೋಗಬೇಕು. ಬೇಲಿಯು ಮರದ ಗಳುಗಳದೋ ಬೊಂಬುಗಳದೋ ಆಗಿದ್ದರೆ ಉತ್ತಮ. ತಂತಿಯನ್ನೇ ಹಾಕಬೇಕಾದಲ್ಲಿ ಮುಳ್ಳಿಲ್ಲದ ತಂತಿ ಹಾಕಿ, ಕಣ್ಣಿಗೆ ಬೀಳುವಂತೆ ಬಿಳಿಯ ಪಟ್ಟಿಗಳನ್ನು ಕಟ್ಟಬೇಕು. ತೆರೆದ ಬಾವಿ, ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡ ಇವುಗಳಿಗೆ ಬೇಲಿ ಅವಶ್ಯ. ಜಾರಿ ಬಿದ್ದ ಕುದುರೆ ತಾನಾಗಿ ಮೇಲೆ ಬರಲಾರದು. ಮುಂಗಾಲುಗಳನ್ನು ಹಗ್ಗದಿಂದ ಕಟ್ಟಿ ಮೇಯಲು ಬಿಡುವ ವಾಡಿಕೆಯನ್ನು ಈ ಕುದುರೆಗೆ ಎಂದಿಗೂ ಅನ್ವಯಿಸಲಾಗದು.

ಕುದುರೆಯು ಮಂದೆಯ ಪ್ರಾಣಿ. ಒಂಟಿಯಾಗಿ ಕಟ್ಟಿದರೆ ಕೂಗುತ್ತದೆ, ಬೇಲಿಯುದ್ದಕ್ಕೂ ಓಡಾಡಿ ಸೊರಗುತ್ತದೆ. ಇನ್ನೊಂದು ಕುದುರೆಯಿದ್ದರೆ ಎಲ್ಲಕ್ಕಿಂತ ಮೇಲು. ಇಲ್ಲದಿದ್ದಲ್ಲಿ ಕತ್ತೆಯೋ ಮೇಕೆಯೋ ಹಸುವೋ ಅದರ ಕಣ್ಣೆದುರಿನಲ್ಲಿರಬೇಕು. ಆರಂಭದಲ್ಲಿ ಸವಾರಿಯ ಮಾತೇ ಬೇಡ. ಹೊಟ್ಟೆಯ ಹುಣ್ಣು, ಬೆನ್ನಿನ ನೋವು, ಕಾಲಿನ ಬಳಲಿಕೆ ಇವು ಹುಲ್ಲು ಮತ್ತು ವಿಶ್ರಾಂತಿಯಿಂದ ಮೊದಲು ಶಮನವಾಗಬೇಕು. ಮೈ ಸ್ವಲ್ಪ ಇಳಿದಂತೆಯೂ ಕೂದಲು ಮಂಕಾದಂತೆಯೂ ಕಂಡರೆ ಗಾಬರಿಗೊಂಡು ಧಾನ್ಯ ಸುರಿಯಬಾರದು. ಓಟದ ಗಟ್ಟಿ ಮಾಂಸವು ಕರಗುವಾಗ ಹೀಗಾಗುವುದು ಸಹಜ. ಪಕ್ಕೆಲುಬುಗಳು ಎದ್ದು ಕಾಣುವಂತಾದರೆ ಮಾತ್ರ ಪಶುವೈದ್ಯರಿಗೆ ತೋರಿಸಬೇಕು. ಆರು ತಿಂಗಳು ಈ ರೀತಿ ತಾಳ್ಮೆಯಿಂದ ನಡೆಸಿದವನಿಗೆ ಮುಂದಿನ ವರ್ಷಗಳು ಸುಲಭವಾಗುವುವು.

ಮೇವು ಮತ್ತು ನೀರು

ದನವು ಮೆಲುಕು ಹಾಕುತ್ತದೆ, ಕುದುರೆಯು ಹಾಕುವುದಿಲ್ಲ. ಅದರ ಜಠರವು ದೇಹಕ್ಕೆ ಹೋಲಿಸಿದರೆ ಚಿಕ್ಕದು, ಹಿಡಿಯುವುದು 8ರಿಂದ 15 ಲೀಟರು ಮಾತ್ರ. ಹುಲ್ಲು ಕೊಳೆತು ಜೀರ್ಣವಾಗುವುದು ಹಿಂದಿನ ದೊಡ್ಡ ಕರುಳಿನಲ್ಲಿ. ಅಲ್ಲದೆ ಕುದುರೆಗೆ ವಾಂತಿಯಾಗುವುದಿಲ್ಲ. ಕೆಟ್ಟದ್ದು ಒಳಹೊಕ್ಕರೆ ಹಿಂದಕ್ಕೆ ಬರುವ ದಾರಿಯಿಲ್ಲ. ಈ ಸಂಗತಿಗಳನ್ನು ನೆನಪಿನಲ್ಲಿಟ್ಟರೆ ಮುಂದೆ ಹೇಳುವ ನಿಯಮಗಳ ಕಾರಣವು ತಾನಾಗಿ ತಿಳಿಯುವುದು.

ಓಟದ ಕಾಲದಲ್ಲಿ ಕೊಡುತ್ತಿದ್ದ ಧಾನ್ಯವನ್ನು ಒಂದೇ ದಿನ ನಿಲ್ಲಿಸದೆ, ಎರಡರಿಂದ ನಾಲ್ಕು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸಿ, ಹುಲ್ಲನ್ನು ಹೆಚ್ಚಿಸಬೇಕು. ದೇಹದ ತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲಿನಷ್ಟು ಒಣಹುಲ್ಲು, ಅಂದರೆ 450 ಕಿಲೋ ತೂಕದ ಕುದುರೆಗೆ ದಿನಕ್ಕೆ ಸುಮಾರು 7ರಿಂದ 9 ಕಿಲೋ, ದೊರೆಯಬೇಕು. ಹಸುರು ಹುಲ್ಲಿನಲ್ಲಿ ನೀರೇ ಹೆಚ್ಚಾದುದರಿಂದ ಅದರ ತೂಕ ಇದರ ನಾಲ್ಕು ಪಟ್ಟಾಗುತ್ತದೆ. ಗರಿಕೆಯೇ ಮೊದಲಾದ ಸಣ್ಣ ಹುಲ್ಲುಗಳು ಶ್ರೇಷ್ಠ. ಒಂದೆರಡು ಹೊತ್ತು ರಾಶಿ ಹಾಕುವುದಕ್ಕಿಂತ ನಾಲ್ಕೈದು ಸಲ ಹಂಚಿ ಹಾಕುವುದು ಮೇಲು. ಹುರುಳಿಯನ್ನು ಬೇಯಿಸಿ ಕೊಡುವುದು ಈ ಸೀಮೆಯ ಹಳೆಯ ಪದ್ಧತಿ; ಕೆಲಸವಿಲ್ಲದ ಕುದುರೆಗೆ ಅದು ಅಲ್ಪವಾಗಿ ಸಾಕು. ದಿನಕ್ಕೆ ಸುಮಾರು 30 ಗ್ರಾಂ ಉಪ್ಪು, 25ರಿಂದ 45 ಲೀಟರ್ ಶುದ್ಧವಾದ ನೀರು ಬೇಕು. ಬೇಸಗೆಯಲ್ಲಿ ನೀರು ಇನ್ನೂ ಹೆಚ್ಚು ಬೇಕಾಗುವುದು.

ದನಗಳಿಗಾಗಿ ಮನೆಯಲ್ಲಿರುವ ಮೇವೆಲ್ಲ ಕುದುರೆಗೂ ಆಗುತ್ತದೆಂದು ತಿಳಿಯುವುದರಿಂದಲೇ ಹೆಚ್ಚು ಹಾನಿಯಾಗುವುದು. ನೇಪಿಯರ್ ಹುಲ್ಲಿನಲ್ಲಿರುವ ಆಕ್ಸಲೇಟ್ ಎಂಬ ಪದಾರ್ಥವು ಸುಣ್ಣದ ಸತ್ವವನ್ನು ಕಟ್ಟಿಹಾಕುವುದರಿಂದ, ಅದೊಂದನ್ನೇ ತಿಂಗಳುಗಟ್ಟಲೆ ಹಾಕಿದರೆ ಕುದುರೆಯ ಎಲುಬು ಮೆತ್ತಗಾಗಿ ಮುಖದ ಮೂಳೆ ಊದಿಕೊಳ್ಳುವುದು. ಗೋಧಿಯ ಬೂಸವನ್ನು ಹೆಚ್ಚಾಗಿ ಕೊಟ್ಟರೂ ರಂಜಕದ ಅಂಶ ಮಿತಿಮೀರಿ ಇದೇ ದೋಷ ಬರುವುದು. ಕುದುರೆಮೆಂತೆಯೆಂದು ಕರೆಯುವ ಲೂಸರ್ನ್ ಸೊಪ್ಪಿನಲ್ಲಿ ಸುಣ್ಣದ ಸತ್ವ ಹೇರಳವಾಗಿರುವುದರಿಂದ ಅದನ್ನು ಮಿತವಾಗಿ ಬೆರೆಸುವುದು ಹಿತಕರ. ಎಳೆಯ ಜೋಳದ ಪೈರು ದನಗಳಿಗಿರುವಂತೆ ಕುದುರೆಗೂ ಅಪಾಯ. ಬಲಿತ ಹಸುರು ಜೋಳವನ್ನೇ ಬಹುಕಾಲ ಮೇಯಿಸಿದರೂ ಮೂತ್ರಕೋಶದ ರೋಗವೂ ಹಿಂಗಾಲುಗಳ ನಿಶ್ಶಕ್ತಿಯೂ ಬರಬಹುದು. ಒಣಗಿದ ಒರಟು ಹುಲ್ಲನ್ನೇ ನೀರಿನ ಕೊರತೆಯೊಡನೆ ತಿನ್ನಿಸಿದರೆ ಕರುಳು ಕಟ್ಟಿಕೊಳ್ಳುವುದು. ಬೂಷ್ಟು ಹಿಡಿದ ಮೇವನ್ನು ಲಾಯದ ಹತ್ತಿರಕ್ಕೂ ತರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಕೋಳಿಗಳಿಗಾಗಿ ತಯಾರಿಸಿದ ಆಹಾರದಲ್ಲಿಯೂ ಕೆಲವು ದನದ ಆಹಾರಗಳಲ್ಲಿಯೂ ಬೆರೆಸುವ ಮೊನೆನ್ಸಿನ್ ಎಂಬ ಔಷಧವು ಕುದುರೆಗೆ ಅಲ್ಪ ಪ್ರಮಾಣದಲ್ಲಿಯೂ ಹೃದಯವನ್ನು ಕೆಡಿಸಿ ಕೊಲ್ಲಬಲ್ಲದು. ಆದುದರಿಂದ ಆ ಚೀಲಗಳನ್ನು ಬೇರೆ ಕೋಣೆಯಲ್ಲಿಡಬೇಕು. ಬೇಲಿಯ ಕಣಗಿಲೆ ಗಿಡವನ್ನು ಬುಡಸಹಿತ ಕೀಳಿಸತಕ್ಕದ್ದು. ಅದರ ಒಂದು ಹಿಡಿ ಎಲೆಯೂ ಮಾರಕ. ಹರಳುಬೀಜವೂ ಅಂಥದೇ.

ಹೊಟ್ಟೆಶೂಲೆಯು ಕುದುರೆಗೆ ಮೃತ್ಯುಸಮಾನವಾದ ರೋಗ. ಕುದುರೆಯು ಹಿಂದಿರುಗಿ ಪಕ್ಕೆಯನ್ನು ನೋಡಿಕೊಳ್ಳುವುದು, ಮುಂಗಾಲಿನಿಂದ ನೆಲ ಕೆರೆಯುವುದು, ಬೆವರುವುದು, ಮಲಗಿ ಹೊರಳುವುದು, ಲದ್ದಿ ಹಾಕದಿರುವುದು ಇವು ಅದರ ಚಿಹ್ನೆಗಳು. ಕೂಡಲೆ ಮೇವನ್ನು ತೆಗೆದು, ಪಶುವೈದ್ಯರಿಗೆ ಹೇಳಿಕಳುಹಿಸಬೇಕು. ದನಗಳಿಗೆ ಮಾಡುವಂತೆ ಗೊಟ್ಟದಿಂದ ಎಣ್ಣೆಯನ್ನೋ ಕಷಾಯವನ್ನೋ ಹುಯ್ಯುವುದು ಸರ್ವಥಾ ಕೂಡದು. ಅದು ಶ್ವಾಸಕೋಶಕ್ಕೆ ಇಳಿದು ಕುದುರೆಯು ಬೇರೊಂದು ರೋಗದಿಂದ ಸಾಯುವುದು.

ಗೊರಸು, ಹಲ್ಲು ಮತ್ತು ರೋಗಗಳು

ಭಾರತದಲ್ಲಿ ಕುದುರೆ ಮತ್ತು ತಟ್ಟುಗಳ ಸಂಖ್ಯೆ 2012ರ ಜಾನುವಾರು ಗಣತಿಯಲ್ಲಿ ಸುಮಾರು 6.25 ಲಕ್ಷವಿದ್ದುದು 2019ರ ಗಣತಿಯಲ್ಲಿ ಸುಮಾರು 3.4 ಲಕ್ಷಕ್ಕಿಳಿಯಿತು. ಕುದುರೆಗಳೊಡನೆ ಅವುಗಳ ಕೆಲಸ ಬಲ್ಲವರೂ ಕಡಿಮೆಯಾಗಿದ್ದಾರೆ. ಸಂತೆಯಲ್ಲಿ ಎತ್ತಿಗೆ ಲಾಳ ಕಟ್ಟುವವನ ಕೈಗೆ ಈ ಕುದುರೆಯ ಕಾಲನ್ನು ಕೊಡಲಾಗದು. ಎತ್ತಿನ ಗೊರಸು ಎರಡು ಹೋಳು, ಕುದುರೆಯದು ಒಂದೇ, ಅದರಲ್ಲಿಯೂ ಈ ಜಾತಿಯದರ ಗೋಡೆ ತೆಳುವಾದುದು. ಆದುದರಿಂದ ಕುದುರೆ ತರುವ ಮುಂಚೆಯೇ, ಕುದುರೆಯ ಲಾಳದ ಕೆಲಸ ಕಲಿತವನೊಬ್ಬನು ಆರು ವಾರಕ್ಕೊಮ್ಮೆ ಬರುವಂತೆ ಗೊತ್ತುಮಾಡಿಕೊಳ್ಳಬೇಕು. ಓಟದ ಹಗುರವಾದ ಲಾಳಗಳನ್ನು ತೆಗೆಸಿದ ಮೇಲೆ ಕೆಲವು ವಾರ ಮೆತ್ತನೆಯ ನೆಲದಲ್ಲಿಯೇ ಇರಿಸಬೇಕು. ಗೊರಸನ್ನು ದಿನವೂ ಎತ್ತಿ ಕಲ್ಲು ಮಣ್ಣುಗಳನ್ನು ತೆಗೆಯುವುದು ಆಳಿನ ಕೆಲಸವೆಂದು ಬಿಡದೆ ಯಜಮಾನನೂ ಆಗಾಗ ನೋಡತಕ್ಕದ್ದು. ವರ್ಷಕ್ಕೊಮ್ಮೆ ಹಲ್ಲಿನ ಚೂಪಾದ ಅಂಚುಗಳನ್ನು ಪಶುವೈದ್ಯರಿಂದ ಅರಗೊಳಿಸಬೇಕು. ಬಾಯಿಂದ ಮೇವು ಉದುರುತ್ತಿದ್ದರೆ ಹಲ್ಲಿನ ದೋಷವನ್ನು ಸಂಶಯಿಸಬೇಕು.

ಧನುರ್ವಾಯುವಿಗೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವ ಸಾಕುಪ್ರಾಣಿ ಬೇರೊಂದಿಲ್ಲ. ಅದರ ವಿಷಬೀಜವು ಲದ್ದಿಯಲ್ಲಿಯೂ ಮಣ್ಣಿನಲ್ಲಿಯೂ ಇರುವುದರಿಂದ ಕುದುರೆಗೂ ಅದನ್ನು ನೋಡಿಕೊಳ್ಳುವ ಜನರಿಗೂ ಲಸಿಕೆ ಅವಶ್ಯ. ಹುಚ್ಚುನಾಯಿ ರೋಗದ ಲಸಿಕೆಯನ್ನೂ ಮರೆಯಬಾರದು. ಜಂತುಹುಳುವಿನ ಔಷಧವನ್ನು ಲದ್ದಿಯ ಪರೀಕ್ಷೆ ಮಾಡಿಸಿ ವೈದ್ಯರು ಹೇಳಿದಂತೆ ಕೊಡಬೇಕು. ಕಚ್ಚುವ ನೊಣಗಳಿಂದ ಹರಡುವ ಸರ್ರಾ ರೋಗದಲ್ಲಿ ಜ್ವರವು ಬಂದು ಬಂದು ಹೋಗುತ್ತ ಕುದುರೆಯು ಕ್ಷೀಣಿಸುವುದು. ಬೇಗನೆ ತೋರಿಸಿದರೆ ಚಿಕಿತ್ಸೆಯುಂಟು.

ಗ್ರಾಮದ ಮುಖಂಡರ ಕರ್ತವ್ಯ

ಗ್ಲಾಂಡರ್ಸ್ ಎಂಬ ರೋಗವನ್ನು ಮುಖಂಡರು ವಿಶೇಷವಾಗಿ ಗಮನದಲ್ಲಿಡಬೇಕು. ಮೂಗಿನಿಂದ ಗಟ್ಟಿಯಾದ ಕೀವು ಸೋರುವುದು, ಮೂಗಿನೊಳಗೆ ಹುಣ್ಣಾಗುವುದು, ಚರ್ಮದ ಮೇಲೆ ಸಾಲಾಗಿ ಗಂಟುಗಳೆದ್ದು ಒಡೆಯುವುದು ಇದರ ಚಿಹ್ನೆಗಳು. ಇದು ಕುದುರೆಯಿಂದ ಮನುಷ್ಯರಿಗೂ ಅಂಟಿ ಪ್ರಾಣಾಂತಿಕವಾಗಬಲ್ಲದು, ಇದಕ್ಕೆ ಲಸಿಕೆಯಿಲ್ಲ. ಪ್ರಾಣಿಗಳ ಅಂಟುರೋಗಗಳ ನಿವಾರಣೆ ಮತ್ತು ನಿಯಂತ್ರಣಕ್ಕಾಗಿ 2009ರಲ್ಲಿ ಆದ ಕಾನೂನಿನ ಮೇರೆಗೆ, ಇಂಥ ರೋಗದ ಸಂಶಯ ಬಂದೊಡನೆ ಪ್ರಾಣಿಯ ಯಜಮಾನನು ಗ್ರಾಮಾಧಿಕಾರಿಗಾಗಲಿ ಗ್ರಾಮ ಪಂಚಾಯಿತಿಗಾಗಲಿ ತಿಳಿಸಬೇಕು. ಅಲ್ಲಿಂದ ಸಮೀಪದ ಪಶುವೈದ್ಯರಿಗೆ ವರದಿ ಹೋಗಬೇಕು. ರೋಗವನ್ನು ಮುಚ್ಚಿಡುವುದು ನೆರೆಹೊರೆಗೆ ಬಗೆಯುವ ದ್ರೋಹ. ಪರೀಕ್ಷೆಯ ಪತ್ರವಿಲ್ಲದ ಕುದುರೆಯನ್ನು ಊರಿನ ಇತರ ಕುದುರೆ ಕತ್ತೆಗಳೊಡನೆ ಸೇರಿಸದೆ ಪ್ರತ್ಯೇಕವಾಗಿಡಿಸುವುದೂ ಒಂದೇ ತೊಟ್ಟಿಯಲ್ಲಿ ನೀರು ಕುಡಿಸದಿರುವುದೂ ವಿವೇಕ.

ಎರಡನೆಯದಾಗಿ, ರಾತ್ರಿಯ ವೇಳೆ ಯಾರೋ ತಂದು ಬಿಟ್ಟುಹೋದ ಕುದುರೆಯು ಊರಿನ ಪೈರಿಗೆ ನುಗ್ಗಿದಾಗ ಕಲ್ಲು ದೊಣ್ಣೆಗಳಿಂದ ಅಟ್ಟಿಸಿ ಪಕ್ಕದ ಊರಿಗೆ ದಾಟಿಸುವುದು ಪರಿಹಾರವಲ್ಲ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆಯ ಕಾನೂನಿನಲ್ಲಿ ಅಪರಾಧವೆಂದು ಗಣಿಸಲ್ಪಟ್ಟಿದೆ. ಪಂದ್ಯಕ್ಕೆಂದು ಬೆಳೆಸಿದ ಕುದುರೆಯಾದರೆ ಚರ್ಮದಡಿಯ ಚಿಪ್ಪಿನಿಂದಲೋ ಮೈಗುರುತುಗಳಿಂದಲೋ ಅದರ ಹೆಸರೂ ಯಜಮಾನನೂ ಪತ್ತೆಯಾಗಬಹುದು. ಆದುದರಿಂದ ಮುಖಂಡರು ಅದನ್ನು ನೆರಳಿನಲ್ಲಿ ಕಟ್ಟಿಸಿ, ನೀರು ಹುಲ್ಲು ಕೊಡಿಸಿ, ಪಶುವೈದ್ಯರಿಗೂ ಪೊಲೀಸಿನವರಿಗೂ ತಿಳಿಸತಕ್ಕದ್ದು.

ಕೊನೆಯ ದಿನ

ಮುಪ್ಪಿನ ಕುದುರೆಗೆ ಹಲ್ಲು ಸವೆದ ಮೇಲೆ ಹುಲ್ಲನ್ನು ಸಣ್ಣಗೆ ಕತ್ತರಿಸಿ ನೆನೆಸಿ ಕೊಡುವುದರಿಂದ ಇನ್ನೂ ಕೆಲವು ವರ್ಷ ಸುಖವಾಗಿ ಇರಿಸಬಹುದು. ಆದರೆ ಮುರಿದ ಕಾಲಿನಿಂದಾಗಲಿ ಗುಣವಾಗದ ರೋಗದಿಂದಾಗಲಿ ನಿಲ್ಲಲಾರದೆ ಒದ್ದಾಡುತ್ತಿರುವ ಕುದುರೆಯನ್ನು ದಿನಗಟ್ಟಲೆ ಹಾಗೆಯೇ ಬಿಡುವುದು ಧರ್ಮವಲ್ಲ. ಕುದುರೆಯು ಬಹುಕಾಲ ನೆಲ ಹಿಡಿದರೆ ಅದರ ಭಾರವೇ ಅದರ ಮಾಂಸವನ್ನೂ ಶ್ವಾಸಕೋಶವನ್ನೂ ಕೆಡಿಸುತ್ತದೆ. ಇಂಥಲ್ಲಿ ಪಶುವೈದ್ಯರು ಸೂಜಿಯ ಮೂಲಕ ನೋವಿಲ್ಲದೆ ಪ್ರಾಣ ಬಿಡಿಸುವುದಕ್ಕೆ ಕಾನೂನಿನ ಅನುಮತಿಯುಂಟು. ಇದನ್ನು ಕೊಲೆಯೆಂದು ಭಾವಿಸಿ ಹಿಂಜರಿಯುವವರೂ ಆ ನರಳಾಟವನ್ನು ಒಂದು ರಾತ್ರಿ ಹತ್ತಿರ ಕುಳಿತು ನೋಡಿದಲ್ಲಿ ಬೇರೆ ರೀತಿಯಾಗಿ ಯೋಚಿಸುವರು. ಹಾಗೆ ಮೃತವಾದ ಕುದುರೆಯ ದೇಹದಲ್ಲಿ ಔಷಧದ ವಿಷವು ಉಳಿಯುವುದರಿಂದ, ಹದ್ದು ನಾಯಿಗಳು ತಿನ್ನದಂತೆ, ಬಾವಿ ಕೆರೆಗಳಿಗೆ ದೂರವಾಗಿ ಆಳವಾದ ಗುಂಡಿಯಲ್ಲಿ ಹೂಳತಕ್ಕದ್ದು.

ಸಾರಾಂಶ

1. ಓಟ ಬಿಟ್ಟ ಕುದುರೆಗೆ ಹದಿನೆಂಟು ಇಪ್ಪತ್ತು ವರ್ಷದ ಬಾಳು ಉಳಿದಿರುವುದುಂಟು. ಅಷ್ಟು ಕಾಲಕ್ಕೆ ನೆಲ, ನೀರು, ಹುಲ್ಲು, ಜೊತೆ ಇವು ಇದ್ದವರು ಮಾತ್ರ ಒಪ್ಪಿಕೊಳ್ಳಬೇಕು.

2. ಪಶುವೈದ್ಯರ ಪರೀಕ್ಷೆ, ಗುರುತಿನ ಕಾಗದಗಳು ಮತ್ತು ಹಿಂದಿನ ಯಜಮಾನನ ಲಿಖಿತ ಕರಾರು ಇಲ್ಲದೆ ಕುದುರೆಯನ್ನು ಮನೆಗೆ ತರಬಾರದು.

3. ಧಾನ್ಯವನ್ನು ಮೆಲ್ಲಗೆ ಇಳಿಸಿ, ಬಯಲನ್ನು ಮೆಲ್ಲಗೆ ತೆರೆಯಬೇಕು. ಆರು ತಿಂಗಳ ತಾಳ್ಮೆಯೇ ಅರ್ಧ ಚಿಕಿತ್ಸೆ.

4. ದನದ ಮೇವು, ದನದ ಔಷಧ, ದನದ ಲಾಳಗಾರ ಇವು ಕುದುರೆಗೆ ಸಲ್ಲುವುದಿಲ್ಲ.

5. ರೋಗವನ್ನು ಮುಚ್ಚಿಡಬಾರದು, ಬಿಟ್ಟುಹೋದ ಕುದುರೆಯನ್ನು ಅಟ್ಟಬಾರದು.

ಈ ನಿಯಮಗಳಂತೆ ನಡೆಯಲು ಅನುಕೂಲವಿಲ್ಲದ ಗೃಹಸ್ಥನು ಕುದುರೆಯನ್ನು ತಂದ ದಿನವೇ ಬೇಡವೆಂದು ಹೇಳಿ ಕಳುಹಿಸಿದರೆ ಅದು ನಿರ್ದಯತೆಯಲ್ಲ. ಕುದುರೆಯು ಬೇರೆ ತಕ್ಕ ಮನೆಯನ್ನು ಸೇರಲು ಅದರಿಂದ ಅವಕಾಶವಾಗುತ್ತದೆ. ಅನುಕೂಲವುಳ್ಳ ಗೃಹಸ್ಥನು ತನ್ನ ಮುದಿ ಎತ್ತಿಗೆ ಕೊಡುವ ಆದರವನ್ನೇ ಈ ಪ್ರಾಣಿಗೂ ಕೊಟ್ಟು, ಸಂಶಯ ಬಂದಾಗಲೆಲ್ಲ ಸಮೀಪದ ಪಶುವೈದ್ಯಶಾಲೆಯವರ ಸಲಹೆಯನ್ನು ಪಡೆಯತಕ್ಕದ್ದು.